ಕಣಿ ಹೇಳುವವರಿಗೆ ಕಾವಲು

ಮಂತ್ರವಾದಿಗೆ ಅರಸನು ಅಂಜಿದ ಕಥೆ ಎಲ್ಲ ದೇಶಗಳಲ್ಲಿಯೂ ಉಂಟು. ಅರಸನ ಬಳಿ ಸೈನ್ಯವಿದೆ, ಬೊಕ್ಕಸವಿದೆ, ಕೋಟೆಯಿದೆ. ಮಂತ್ರವಾದಿಯ ಬಳಿ ಇರುವುದು ನಾಲಗೆಯೊಂದೇ. ಆದರೂ ಅರಸನಿಗೆ ನಿದ್ರೆ ಬಾರದು. ಇವನು ನಾಳೆ ಏನು ಮಾಡಿಯಾನೋ ಎಂಬ ಸಂಶಯ ಕಾಡುತ್ತದೆ. ಕಡೆಗೆ, ಮಾಡಿದ ತಪ್ಪೊಂದೂ ಇಲ್ಲದಿದ್ದರೂ ಮಾಡಬಹುದಾದ ತಪ್ಪಿಗಾಗಿ ಅವನನ್ನೂ ಅವನ ಮಕ್ಕಳನ್ನೂ ಒಳಗಿಟ್ಟು ಬಾಗಿಲಿಗೆ ಕಾವಲು ಹಾಕುತ್ತಾನೆ. ಕಥೆಯಾದರೆ ಇಷ್ಟಕ್ಕೆ ಮುಗಿದೀತು. ಚರಿತ್ರೆಯಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಒಳಗಿರುವವರು ಹೊರಗೆ ಬರುವ ಬಗೆ ಯಾವುದು? ಬಾಗಿಲನ್ನು ಒಡೆಯಬೇಕೆ? ಕಾವಲುಗಾರನ ಮೆಚ್ಚುಗೆ ಗಳಿಸಬೇಕೆ? ಅಥವಾ ಹೊರಗಿನವರನ್ನು ಜೊತೆಗೂಡಿಸಿಕೊಂಡು ಬೀಗವನ್ನೇ ತೆಗೆಸಬೇಕೆ?

ಈ ಪ್ರಶ್ನೆ ನಮ್ಮ ನಾಡಿನಲ್ಲಿ ನಿಜವಾಗಿಯೇ ಎದ್ದಿತ್ತು. ಅದನ್ನು ಎದುರಿಸಿದವರು ನಮಗೆ ಅಪರಿಚಿತರೇನಲ್ಲ. ಅವರ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ನಮ್ಮ ಅಜ್ಜಿಯರ ಮನೆಯ ಬಾಗಿಲಿಗೆ ಬಂದವರು. ಅಂಗೈ ಹಿಡಿದು ಕಣಿ ಹೇಳಿ, ಮೊರದ ತುಂಬ ಕಾಳು ಪಡೆದು ಹೋದವರು. ನಾವು ಅವರನ್ನು ಕೊರವಂಜಿಯೆಂದು ಕರೆದೆವು.

ಕೊರವಂಜಿಗೆ ನಮ್ಮ ಸಾಹಿತ್ಯದಲ್ಲಿ ದೊರೆತ ಮನ್ನಣೆ ಸಾಮಾನ್ಯವಾದುದಲ್ಲ. ಶ್ರೀನಿವಾಸ ಕಲ್ಯಾಣದ ಕಥೆಯಲ್ಲಿ ತಿರುಪತಿಯ ದೇವರೇ ಕೊರವಂಜಿಯ ವೇಷ ತೊಟ್ಟು ಆಕಾಶರಾಜನ ಅರಮನೆಗೆ ಹೋಗಿ, ಪದ್ಮಾವತಿಯ ಮನಸ್ಸಿನಲ್ಲಿರುವುದನ್ನು ರಾಣಿಗೆ ಹೇಳುತ್ತಾನೆ. ಹರಿದಾಸರು ಅವಳನ್ನು ಹಾಡಿದರು. ತಂಜಾವೂರಿನ ಆಸ್ಥಾನದಲ್ಲಿ ಅವಳ ಹೆಸರಿನದೇ ಒಂದು ನಾಟ್ಯಪ್ರಕಾರ ಮೆರೆಯಿತು. 1942ರಲ್ಲಿ ಡಾ. ಎಂ. ಶಿವರಾಂ, ಎಂದರೆ ನಮ್ಮ ರಾಶಿಯವರು, ಬೆಂಗಳೂರಿನಿಂದ ಒಂದು ಹಾಸ್ಯಪತ್ರಿಕೆ ಹೊರಡಿಸಿದಾಗ ಅದಕ್ಕೆ ಇಟ್ಟ ಹೆಸರೂ ‘ಕೊರವಂಜಿ’ಯೆ. ಸುಮಾರು ಕಾಲು ಶತಮಾನ ಆ ಪತ್ರಿಕೆ ಕನ್ನಡಿಗರನ್ನು ನಗಿಸಿತು. ಆದರೆ ಅದೇ 1942ರಲ್ಲಿ, ಅದೇ ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ, ನಿಜವಾದ ಕೊರವಂಜಿಯರ ಬಳಗದವರು ತಂತಿಬೇಲಿಯ ಒಳಗಿದ್ದರು. ಹಾಡಿನಲ್ಲಿ ದೇವರು ತೊಟ್ಟ ವೇಷವನ್ನು ಹುಟ್ಟಿನಿಂದ ತೊಟ್ಟವರಿಗೆ ಸರಕಾರ ಇಟ್ಟ ಹೆಸರು ‘ಅಪರಾಧಿ ಬುಡಕಟ್ಟು’.

ಹೇರೆತ್ತಿನ ಹಾದಿ

ಕೊರಮ, ಕೊರಚ, ಕೊರವ, ತೆಲುಗಿನಲ್ಲಿ ಎರುಕುಲ, ಮರಾಠಿಯಲ್ಲಿ ಕೈಕಾಡಿ: ಹೆಸರು ಹಲವಾದರೂ ಮೂಲ ಒಂದೆಂದು ಜನಾಂಗಗಳನ್ನು ಕುರಿತು ಬರೆದವರು ಹೇಳುತ್ತಾರೆ. ಕಣಿ ಹೇಳುವುದು ಹೆಂಗಸರ ವಿದ್ಯೆ. ಗಂಡಸರ ಕಸಬು ಬೇರೆ. ಈಚಲಿನ, ಬಿದಿರಿನ ಬುಟ್ಟಿ ಹೆಣೆಯುವವರು ಕೆಲವರು. ನೇಕಾರರ ಹಾಸಿಗೆ ಗಂಜಿ ಹಚ್ಚುವ ಕುಂಚ ಕಟ್ಟುವವರು ಕೆಲವರು. ಹಿಂಡುಗಟ್ಟಲೆ ಎತ್ತುಗಳ ಮೇಲೆ ಕರಾವಳಿಯಿಂದ ಉಪ್ಪು ಹೇರಿಕೊಂಡು ಬಯಲುನಾಡಿಗೆ ಬಂದು, ಇಲ್ಲಿನ ಧಾನ್ಯ ಹೇರಿಕೊಂಡು ಹಿಂದಿರುಗುವವರು ಕೆಲವರು. ಈ ಕಡೆಯವರಿಗೆ ಉಪ್ಪು ಕೊರವರೆಂದೇ ಹೆಸರು. ಲಂಬಾಣಿಗಳೂ ಇಂಥದೇ ಹೇರಿನ ವ್ಯಾಪಾರದವರು. 1791-92ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅವನ ಸೈನ್ಯವನ್ನು ಹಸಿವಿನಿಂದ ಉಳಿಸಿದವರು ಲಂಬಾಣಿಗಳ ಎತ್ತುಗಳೇ.

ಚಳ್ಳಕೆರೆ, ಮೊಳಕಾಲ್ಮೂರುಗಳ ಒಣ ಬಯಲನ್ನು ಕಂಡವರಿಗೆ ಇಂಥ ವ್ಯಾಪಾರದ ಬೆಲೆ ತಿಳಿದೀತು. ಮಳೆ ಅಲ್ಪ, ಹೊಳೆ ಬತ್ತುವಂಥದು, ಊರಿಂದ ಊರಿಗೆ ದೂರ. ಗಾಡಿ ಹೋಗದಲ್ಲಿಗೆ ಹೇರೆತ್ತು ಹೋಗುತ್ತಿತ್ತು. ಎತ್ತಿಗೆ ಬೇಕಾದುದು ದಾರಿಯುದ್ದಕ್ಕೂ ಮೇವು. ದೊಡ್ಡಉಳ್ಳಾರ್ತಿಯ ಸುತ್ತಿನಂಥ ಹುಲ್ಲುಬಯಲುಗಳನ್ನು ಮೈಸೂರಿನ ಅರಸರು ಅಮೃತಮಹಲಿನ ದನಗಳಿಗೆಂದು ಕಾಯ್ದಿರಿಸಿದ್ದರು. ಅವಕ್ಕೆ ಇಂದಿಗೂ ಕಾವಲು ಎಂದೇ ಹೆಸರು. ವಿಚಿತ್ರವಾದ ಮಾತು ಇದು. ದನಕ್ಕೆ ಕಾವಲೆಂದರೆ ಹುಲ್ಲು. ಮನುಷ್ಯನಿಗೆ ಕಾವಲೆಂದರೆ ಸೆರೆ. ತಿರುಗಾಡಿ ಬದುಕುವವರ ಪಾಲಿಗೆ ಮೊದಲನೆಯ ಅರ್ಥ ಸವೆಯುತ್ತ ಹೋಗಿ ಎರಡನೆಯದು ಬೆಳೆಯುತ್ತ ಬಂದದ್ದೇ ಹತ್ತೊಂಬತ್ತನೆಯ ಶತಮಾನದ ಕಥೆ.

ಉಪ್ಪಿನ ಮೇಲೆ ಕಂಪನಿಯ ಸರಕಾರ ತೆರಿಗೆ ಹೇರಿತು. ತಯಾರಿಕೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಬಳಿಕ ರೈಲು ಬಂತು. ನೂರು ಎತ್ತು ತಿಂಗಳಲ್ಲಿ ಹೊರುವ ಭಾರವನ್ನು ಒಂದು ಬಂಡಿ ಒಂದು ದಿನದಲ್ಲಿ ಎಳೆಯಿತು. ಅರಣ್ಯದ ಕಾನೂನು ಬಂದು ಬಿದಿರಿಗೂ ಮೇವಿಗೂ ಅಡ್ಡಿಯಾಯಿತು. ಎರಡು ತಲೆಮಾರಿನಲ್ಲಿ ವ್ಯಾಪಾರಿಗಳು ಅಲೆಮಾರಿಗಳಾದರು, ಅಲೆಮಾರಿಗಳು ಶಂಕಿತರಾದರು. ಅವರಲ್ಲಿ ಕೆಲವರು ಕಳವಿಗೆ ಇಳಿದದ್ದೂ ಉಂಟು, ಅದನ್ನು ಮುಚ್ಚಬೇಕಾದ್ದಿಲ್ಲ. ಹಸಿದವರು ಯಾವ ಜಾತಿಯಲ್ಲಿದ್ದರೂ ಕೆಲವರು ಹಾಗೆ ಇಳಿದಾರು. ಆದರೆ ಉಳಿದವರನ್ನು ಹಾಗೆ ನೋಡದ ಕಾನೂನು ಇವರನ್ನು ಮಾತ್ರ ಹುಟ್ಟಿನಿಂದಲೇ ನೋಡತೊಡಗಿತು.

ಹುಟ್ಟೇ ಅಪರಾಧ

ಬಲಶಾಲಿಯಾದ ಪ್ರಭು ತಾನು ಅಂಜುವ ಜನವನ್ನು ಸಾರಾಸಗಟಾಗಿ ಹಿಡಿದಿಡುವುದು ಬ್ರಿಟಿಷರಿಂದಲೇ ಮೊದಲಾದದ್ದಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ, ಮದಕರಿನಾಯಕನ ಬಲವೆಲ್ಲ ಬೇಡರಲ್ಲಿದೆಯೆಂದು ತಿಳಿದು, ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದು ರೈಸ್ ಸಾಹೇಬರ ಗೆಜೆಟಿಯರು ಹೇಳುತ್ತದೆ. ವಯಸ್ಸಿಗೆ ಬಂದ ಹುಡುಗರನ್ನು ಬೇರ್ಪಡಿಸಿ, ಮತ ಬದಲಿಸಿ, ಚೇಲಾ ಪಡೆಯೆಂಬ ಸೈನ್ಯ ಕಟ್ಟಿದನು. ಅಂಜಿಕೆ ಹುಟ್ಟಿಸುವ ಶಕ್ತಿಯನ್ನು ನಾಶಮಾಡದೆ ತನ್ನ ಕೆಲಸಕ್ಕೆ ಹಚ್ಚಿಕೊಳ್ಳುವ ಉಪಾಯ ಅದು. ಆದರೂ ಅದು ಯುದ್ಧಕಾಲದ ಕ್ರೌರ್ಯ. ಯುದ್ಧ ಮುಗಿದರೆ ಕಾರಣವೂ ಮುಗಿದೀತು.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಗೆ ಅಂಥ ಮುಗಿತಾಯವಿರಲಿಲ್ಲ. ಈ ದೇಶದಲ್ಲಿ ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ; ಹೀಗಿರುವಾಗ ಕಳ್ಳರದೂ ಒಂದು ಜಾತಿ ಇರಲೇಬೇಕು ಎಂಬುದು ಅದರ ಹಿಂದಿದ್ದ ತರ್ಕ. ಜಾತಿಯನ್ನು ಹಳಿಯುತ್ತಿದ್ದ ಆಳರಸರೇ ಜಾತಿಯನ್ನು ಹೀಗೆ ಕಾನೂನಿನ ಪುಸ್ತಕಕ್ಕೆ ಏರಿಸಿದರು. ಮೊದಲು ಉತ್ತರ ಹಿಂದೂಸ್ಥಾನದಲ್ಲಿ ಜಾರಿಯಾದ ಕಾಯಿದೆ 1911ರಲ್ಲಿ ಮುಂಬಯಿ, ಮದರಾಸು ಪ್ರಾಂತಗಳಿಗೂ ಬಂತು. 1924ರಲ್ಲಿ ಮತ್ತೆ ಕ್ರೋಡೀಕೃತವಾಯಿತು. ಮೈಸೂರು ಸಂಸ್ಥಾನವೂ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಿತು. ಕೊರಮ, ಕೊರಚರ ಜೊತೆಗೆ ಘಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಕೆಲವೆಡೆ ಲಂಬಾಣಿಗಳು ಈ ಬಲೆಗೆ ಬಿದ್ದರು. ಕಾರ್ನ್‌ವಾಲಿಸನ ಸೈನ್ಯಕ್ಕೆ ಅನ್ನ ಹೊತ್ತವರ ಮೊಮ್ಮಕ್ಕಳು ಅದೇ ಸರಕಾರದ ದಫ್ತರದಲ್ಲಿ ಕಳ್ಳರಾದರು.

ಕಾಯಿದೆಯ ಕಟ್ಟುಗಳನ್ನು ನೋಡಿ. ಒಂದು ಬುಡಕಟ್ಟನ್ನು ಅಪರಾಧಿಯೆಂದು ಸರಕಾರ ಸಾರಿದರೆ ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ. ಹೆಸರು ಬರೆಸಬೇಕು, ಬೆರಳೊತ್ತು ಕೊಡಬೇಕು, ಗೊತ್ತಾದ ಹೊತ್ತಿಗೆ ಹಾಜರಿ ಹಾಕಬೇಕು, ಚೀಟಿಯಿಲ್ಲದೆ ಊರು ಬಿಡಬಾರದು. ಗೊತ್ತುಮಾಡಿದ ಅಪರಾಧಗಳಲ್ಲಿ ಎರಡನೆಯ ಸಲ ಸಿಕ್ಕಿದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆ. ಮೂರನೆಯ ಸಲ ಜೀವಾವಧಿ ಗಡೀಪಾರು. ಆರರಿಂದ ಹದಿನೆಂಟು ವರ್ಷದ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಸುಧಾರಣೆಯ ಶಾಲೆಗೆ ಹಾಕಬಹುದು. ಚೇಲಾ ಪಡೆಯ ಉಪಾಯವೇ ಮರಳಿ ಬಂತು. ಈ ಬಾರಿ ಕತ್ತಿಯ ಬದಲು ಕಾಗದದ ಮೂಲಕ.

ಬೇಲಿಯೊಳಗಿನ ಬದುಕು

1910ರ ಸುಮಾರಿನಲ್ಲಿ ಒ. ಎಚ್. ಬಿ. ಸ್ಟಾರ್ಟ್ ಎಂಬ ಐ. ಸಿ. ಎಸ್. ಅಧಿಕಾರಿ ಬಿಜಾಪುರದಲ್ಲಿ ಇಂಥವರಿಗಾಗಿ ಒಂದು ನೆಲೆ ಏರ್ಪಡಿಸಿದರು. ಮುಂದೆ ಹುಬ್ಬಳ್ಳಿಯಲ್ಲಿ, ಗದಗು-ಬೆಟಗೇರಿಯಲ್ಲಿ, ಸೊಲ್ಲಾಪುರದಲ್ಲಿ ಅಂಥವು ಎದ್ದವು. ಇವಕ್ಕೆ ಸೆಟ್ಲಮೆಂಟ್ ಎಂದು ಹೆಸರು; ಹುಬ್ಬಳ್ಳಿ, ಗದಗುಗಳಲ್ಲಿ ಆ ಬಡಾವಣೆಗಳನ್ನು ಜನ ಇಂದಿಗೂ ಹಾಗೆಯೇ ಕರೆಯುತ್ತಾರೆ. ಗಿರಣಿಯ ಸಿಳ್ಳಿಗೆ ಏಳಬೇಕು, ದುಡಿದು ಬರಬೇಕು, ರಾತ್ರಿ ಹಾಜರಿಗೆ ನಿಲ್ಲಬೇಕು. ಕೆಲವು ನೆಲೆಗಳ ಆಡಳಿತವನ್ನು ಕ್ರೈಸ್ತ ಮಿಶನ್ನುಗಳು ವಹಿಸಿಕೊಂಡವು. ನೆರೆಯ ಆಂಧ್ರದ ಬಾಪಟ್ಲದ ಬಳಿ ಎರುಕುಲರಿಗಾಗಿ ಸಾಲ್ವೇಶನ್ ಆರ್ಮಿಯವರು ನಡೆಸಿದ ಸ್ಟೂವರ್ಟ್‌ಪುರವೂ ಇದೇ ಕಾಲದ್ದು.

ಈ ನೆಲೆಗಳಲ್ಲಿ ಕೇಡೇ ಇತ್ತು ಎಂದರೆ ಪೂರ್ಣ ಸತ್ಯವಾಗದು. ಶಾಲೆ ಇತ್ತು, ಔಷಧ ಇತ್ತು, ಕೆಲಸಕ್ಕೆ ಕೂಲಿ ಇತ್ತು. ಸ್ಟಾರ್ಟರಂಥವರಲ್ಲಿ ಸುಧಾರಣೆಯ ನಿಜವಾದ ಕಾಳಜಿಯೂ ಇತ್ತು. ಆದರೆ ಗಿರಣಿಗಳಿಗೆ ಅಗ್ಗದ, ಓಡಿಹೋಗಲಾರದ ಕೂಲಿಯಾಳು ಸಿಕ್ಕಿದ್ದೂ ಅಷ್ಟೇ ನಿಜ. ಎಲ್ಲಕ್ಕಿಂತ ಮಿಗಿಲಾಗಿ, ಒಳಗಿರುವವನು ಯಾವ ಅಪರಾಧಕ್ಕೆ ಒಳಗಿದ್ದಾನೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇರಲಿಲ್ಲ. ಸೆರೆಮನೆಯ ಕೈದಿಗೆ ತನ್ನ ಬಿಡುಗಡೆಯ ದಿನ ಗೊತ್ತು. ಇವರಿಗೆ ಅದೂ ಇಲ್ಲ.

ಮೂರು ದಾರಿಗಳು

ಇಂಥ ಸ್ಥಿತಿಯಲ್ಲಿ ಸಿಕ್ಕಿದವರ ಮುಂದೆ ಇದ್ದ ದಾರಿಗಳು ಮೂರು.

ಮೊದಲನೆಯದು ಎದುರು ನಿಲ್ಲುವುದು. ಈ ಕಾಯಿದೆಗಿಂತ ಮೊದಲೇ ಕನ್ನಡನಾಡು ಅದರ ಬೆಲೆಯನ್ನು ಕಂಡಿತ್ತು. 1857ರಲ್ಲಿ ಎಲ್ಲರೂ ಆಯುಧ ಒಪ್ಪಿಸಬೇಕೆಂಬ ಆಜ್ಞೆ ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಡನಿಗೆ ಆಯುಧವೆಂದರೆ ಕೈಯೇ. ಕೈಯನ್ನು ಕೊಟ್ಟು ಬದುಕುವುದು ಹೇಗೆ? ಸೈನ್ಯ ಬಂತು, ಊರು ಸುಟ್ಟಿತು, ಹಲವರು ಗಲ್ಲಿಗೇರಿದರು. ಉಳಿದದ್ದು ಲಾವಣಿ. ಅದನ್ನು ಮುಂದೆ ಸಂಗ್ರಹಿಸಿ ಅಚ್ಚುಹಾಕಿಸಿದವರೂ ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಎಂಬುದು ಚರಿತ್ರೆಯ ಚೇಷ್ಟೆ. 1920ರ ಏಪ್ರಿಲ್ 3ರಂದು ಮಧುರೆಯ ಬಳಿಯ ಪೆರುಂಗಾಮನಲ್ಲೂರಿನಲ್ಲಿ ಕಳ್ಳರ್ ಜನಾಂಗದವರು ಬೆರಳೊತ್ತು ಕೊಡೆವೆಂದು ನಿಂತರು. ಪೋಲೀಸರ ಗುಂಡಿಗೆ ಹದಿನೈದಕ್ಕೂ ಹೆಚ್ಚು ಮಂದಿ ಬಿದ್ದರು. ಆ ಸಾವುಗಳು ವ್ಯರ್ಥವಾದವೆನ್ನಲಾಗದು. ಊರಾಚೆಯವರ ಕಣ್ಣು ತೆರೆದದ್ದು ಆಗಲೇ. ಆದರೆ ಅಂಜಿದ ಅರಸನಿಗೆ ಪ್ರತಿಭಟನೆಯೂ ಸಾಕ್ಷಿಯಾಗುತ್ತದೆ. ‘ನೋಡಿ, ನಾವು ಹೇಳಲಿಲ್ಲವೆ, ಇವರು ಅಪಾಯದವರೆಂದು?’ ಎನ್ನಲು ಅವನಿಗೆ ಅಷ್ಟು ಸಾಕು. ಕಾಯಿದೆ ಉಳಿಯಿತು.

ಎರಡನೆಯ ದಾರಿ ವಿಧೇಯತೆಯದು. ಮುಂಬಯಿ ಪ್ರಾಂತದ ನೆಲೆಗಳಲ್ಲಿ ಅದಕ್ಕೊಂದು ಮೆಟ್ಟಿಲುಸಾಲನ್ನೇ ಕಟ್ಟಿದ್ದರು. ಒಳ್ಳೆಯ ನಡತೆ ತೋರಿದವರಿಗೆ ಬೇಲಿಯ ಹೊರಗಿನ ವಸತಿಯಲ್ಲಿ ಮನೆ; ಇನ್ನೂ ಒಳ್ಳೆಯವರಿಗೆ ಷರತ್ತಿನ ಬಿಡುಗಡೆ. ಈ ದಾರಿಯಲ್ಲಿ ನಡೆದವರನ್ನು ಹೇಡಿಗಳೆನ್ನುವ ಹಕ್ಕು ನಮಗಿಲ್ಲ. ಮಕ್ಕಳಿಗೆ ಎರಡು ಅಕ್ಷರ, ತಲೆಯ ಮೇಲೊಂದು ಸೂರು, ಗಿರಣಿಯಲ್ಲೊಂದು ಕೆಲಸ ಇವು ಅಲ್ಪ ಗಳಿಕೆಗಳಲ್ಲ. ಆದರೆ ಆ ಮೆಟ್ಟಿಲಲ್ಲೊಂದು ಮೋಸವಿತ್ತು. ‘ನಾನು ಒಳ್ಳೆಯವನು’ ಎಂದು ಸಾಧಿಸಹೊರಟವನು ಒಂದನ್ನು ಮೊದಲೇ ಒಪ್ಪಿಕೊಂಡಂತಾಯಿತು: ತನ್ನವರು ಕೆಟ್ಟವರು, ಪರೀಕ್ಷಿಸುವ ಅಧಿಕಾರ ಕಾವಲುಗಾರನದು. ಒಬ್ಬನು ಉತ್ತೀರ್ಣನಾದರೆ ಅವನೊಬ್ಬ ಅಪವಾದ. ಒಬ್ಬನು ತಪ್ಪಿದರೆ ಇಡೀ ಕುಲಕ್ಕೆ ಸಾಕ್ಷಿ. ಈ ಲೆಕ್ಕದಲ್ಲಿ ಕುಲ ಗೆಲ್ಲುವುದು ಎಂದಿಗೂ ಸಾಧ್ಯವಿಲ್ಲ.

ಮೂರನೆಯ ದಾರಿ ವಾದದ ನೆಲೆಯನ್ನೇ ಬದಲಿಸುವುದು. ‘ನಾವು ಒಳ್ಳೆಯವರು’ ಎನ್ನುವ ಬದಲು ‘ನಮ್ಮಲ್ಲಿ ಯಾರು ಏನು ಮಾಡಿದರೆಂದು ತೋರಿಸಿ, ಅವರನ್ನು ಶಿಕ್ಷಿಸಿ, ಉಳಿದವರನ್ನು ಬಿಡಿ’ ಎನ್ನುವುದು. ಕೇಳಲು ಸರಳವಾದ ಮಾತು. ಆದರೆ ಇದು ಕೊರಚನೊಬ್ಬನ ಬೇಡಿಕೆಯಾಗಿ ಉಳಿಯುವುದಿಲ್ಲ. ನ್ಯಾಯಾಲಯದ ಮೆಟ್ಟಿಲೇರುವ ಪ್ರತಿಯೊಬ್ಬನ ಬೇಡಿಕೆಯಾಗುತ್ತದೆ. ಆದ್ದರಿಂದಲೇ ಇದಕ್ಕೆ ಹೊರಗಿನ ಜೊತೆಗಾರರು ದೊರೆತರು. ಮಧುರೆಯಲ್ಲಿ ಕೇರಳದ ಕ್ರೈಸ್ತ ವಕೀಲ ಜಾರ್ಜ್ ಜೋಸೆಫರು ಕಳ್ಳರ್ ಜನರ ಪರವಾಗಿ ವಾದಿಸಿದರು. ಮುಂದೆ ಮುತ್ತುರಾಮಲಿಂಗ ತೇವರ್ ಅದನ್ನು ಜನರ ಚಳವಳಿಯಾಗಿ ಬೆಳೆಸಿದರು. ನೆಲ್ಲೂರಿನ ವೆನ್ನೆಲಕಂಟಿ ರಾಘವಯ್ಯನವರು ಯಾನಾದಿ, ಎರುಕುಲರ ಸೇವೆಗೆ ಬದುಕನ್ನೇ ಮುಡಿಪಿಟ್ಟರು. 1936ರಲ್ಲಿ ಜವಾಹರಲಾಲ ನೆಹರೂ ಅದೇ ನೆಲ್ಲೂರಿನಲ್ಲಿ ಈ ಕಾಯಿದೆಯನ್ನು ಪೌರಸ್ವಾತಂತ್ರ್ಯದ ನಿಷೇಧವೆಂದು ಖಂಡಿಸಿದರು. ಕುಲವೊಂದರ ಗೋಳು ಅಂದಿಗೆ ರಾಷ್ಟ್ರದ ಸ್ವಾತಂತ್ರ್ಯದ ಪ್ರಶ್ನೆಗೆ ಸೇರಿಕೊಂಡಿತು. ಮುಂಬಯಿಯಲ್ಲಿ 1937ರ ಕಾಂಗ್ರೆಸ್ ಮಂತ್ರಿಮಂಡಲ ಬಂದಾಗ ಗೃಹಮಂತ್ರಿ ಕೆ. ಎಂ. ಮುನ್ಷಿಯವರ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕುಳಿತಿತು.

ಹೀಗೆ ಸೇರಿಕೊಂಡರೂ ರಾಷ್ಟ್ರದ ನೆನಪಿನಲ್ಲಿ ಅವರಿಗೆ ಸಿಕ್ಕ ಸ್ಥಳ ಬಹಳ ಕಡಿಮೆ. 1930ರಲ್ಲಿ ದೇಶವೆಲ್ಲ ಉಪ್ಪಿನ ಕಾನೂನು ಮುರಿಯಲು ಹೊರಟಿತು. ನಮ್ಮ ಅಂಕೋಲೆಯ ಕಡಲದಂಡೆಯಲ್ಲೂ ಉಪ್ಪು ಬೆಂದಿತು. ಆ ಕಾನೂನಿನಿಂದ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಪೂರ್ಣವಾಗಿ ಹಾಳಾದವರು ಉಪ್ಪು ಕೊರವರು. ಸತ್ಯಾಗ್ರಹದ ಚರಿತ್ರೆಗಳಲ್ಲಿ ಅವರ ಹೆಸರನ್ನು ಹುಡುಕಬೇಕಾಗುತ್ತದೆ.

ಐದು ವರ್ಷ, ಹದಿನಾರು ದಿನ

ಮದರಾಸು ಪ್ರಾಂತದಲ್ಲಿ 1947ರಲ್ಲಿ, ಮುಂಬಯಿ ಪ್ರಾಂತದಲ್ಲಿ 1949ರಲ್ಲಿ ಕಾಯಿದೆ ರದ್ದಾಯಿತು. ಅನಂತಶಯನಂ ಅಯ್ಯಂಗಾರರ ಸಮಿತಿ ದೇಶವನ್ನೆಲ್ಲ ವಿಚಾರಿಸಿ 1950ರಲ್ಲಿ ವರದಿ ಕೊಟ್ಟ ಮೇಲೆ, 1952ರ ಆಗಸ್ಟ್ 31ರಂದು ಅದು ಭಾರತದಲ್ಲೆಲ್ಲ ಇಲ್ಲವಾಯಿತು. ನಮಗೆಲ್ಲ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ಇವರಿಗೆ ಬಂದದ್ದು ಐದು ವರ್ಷ ಹದಿನಾರು ದಿನ ತಡವಾಗಿ. ಎಲ್ಲರೂ ಸಮಾನರೆಂದ ಸಂವಿಧಾನ ಜಾರಿಗೆ ಬಂದು ಎರಡೂವರೆ ವರ್ಷ ಕಳೆದಿತ್ತು. ಅಂದಿನಿಂದ ಇವರಿಗೆ ವಿಮುಕ್ತರೆಂದು ಹೆಸರು.

ಬೀಗ ತೆಗೆಯಿತು, ಆದರೆ ಅಂಜಿಕೆ ಉಳಿದಿತ್ತು. ಹಳೆಯ ಕಾಯಿದೆ ಹೋಗುವ ಮೊದಲೇ ಪ್ರಾಂತಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯಿದೆಗಳು ಹುಟ್ಟಿಕೊಂಡವು, ಮೈಸೂರು ರಾಜ್ಯವೂ 1961ರಲ್ಲಿ ಅಂಥದೊಂದನ್ನು ಮಾಡಿತು. ಮಾತಿನಲ್ಲಿ ಇವು ವ್ಯಕ್ತಿಯ ಅಪರಾಧವನ್ನು ನೋಡುತ್ತವೆ, ಕುಲವನ್ನಲ್ಲ. ಅಷ್ಟರ ಮಟ್ಟಿಗೆ ಮೂರನೆಯ ದಾರಿಯವರ ವಾದ ಗೆದ್ದಿತೆನ್ನಬೇಕು. ಆದರೆ ಊರಿನಲ್ಲಿ ಕಳವಾದಾಗ ಪೋಲೀಸರು ಮೊದಲು ತಟ್ಟುವ ಬಾಗಿಲು ಯಾವುದೆಂಬುದು ಕಾಯಿದೆಯ ಮಾತಿನಿಂದ ಗೊತ್ತಾಗುವುದಿಲ್ಲ. ಲಕ್ಷ್ಮಣ ಗಾಯಕವಾಡರು ಮರಾಠಿಯಲ್ಲಿ ಬರೆದ ‘ಉಚಲ್ಯಾ’ ಎಂಬ ಆತ್ಮಕಥೆ 1988ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಆ ಬಾಗಿಲಿನ ಒಳಗಿನಿಂದ ತಟ್ಟುವಿಕೆ ಹೇಗೆ ಕೇಳಿಸುತ್ತದೆಂದು ತಿಳಿಯಬಯಸುವವರು ಅದನ್ನು ಓದಬೇಕು. 1998ರಲ್ಲಿ ಬಂಗಾಳದ ಪುರುಲಿಯಾದಲ್ಲಿ ಬುಧನ್ ಸಬರ್ ಎಂಬ ತರುಣ ಬಂಧನದಲ್ಲಿ ಸತ್ತಾಗ ಮಹಾಶ್ವೇತಾದೇವಿಯವರೂ ಗಣೇಶ ದೇವಿಯವರೂ ವಿಮುಕ್ತರ ಹಕ್ಕಿಗಾಗಿ ಒಂದು ಬಳಗ ಕಟ್ಟಬೇಕಾಯಿತು. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ, ಜೈಲುಗಳ ಕೈಪಿಡಿಗಳಲ್ಲಿ ಜಾತಿಯನ್ನು ನೋಡಿ ಕೆಲಸ ಹಂಚುವ ನಿಯಮಗಳನ್ನು ಅಸಿಂಧುಗೊಳಿಸುತ್ತ, ವಿಮುಕ್ತರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಮಾತುಗಳನ್ನೂ ಅಳಿಸಬೇಕೆಂದು ಹೇಳಿತು. ರದ್ದಾಗಿ ಎಪ್ಪತ್ತೆರಡು ವರ್ಷವಾದ ಕಾಯಿದೆಯ ನೆರಳು ಅಲ್ಲಿಯವರೆಗೂ ಜೈಲಿನ ಪುಸ್ತಕದಲ್ಲಿತ್ತು!

ಬಿಡುಗಡೆಯಾದವರ ಮುಂದೆ ಇನ್ನೊಂದು ತೊಡಕೂ ಎದ್ದಿದೆ. ಬೇಲಿ ಅವರನ್ನು ಒಂದುಗೂಡಿಸಿತ್ತು. ಪಟ್ಟಿ ಬೇರೆ ಮಾಡಿತು. ಚಳ್ಳಕೆರೆಯ ಸೀಮೆಯಲ್ಲಿ ಕೊರಚನು ಪರಿಶಿಷ್ಟ ಜಾತಿಯವನು. ಪರಶುರಾಂಪುರದ ಆಚೆ ಗಡಿ ದಾಟಿ ಅನಂತಪುರ ಜಿಲ್ಲೆಗೆ ಹೋದರೆ ಅದೇ ಮೂಲದ ಎರುಕುಲನು ಪರಿಶಿಷ್ಟ ಬುಡಕಟ್ಟಿನವನು. ಮಹಾರಾಷ್ಟ್ರದಲ್ಲಿ ಕೈಕಾಡಿಯು ವಿದರ್ಭದಲ್ಲಿ ಒಂದು ಪಟ್ಟಿಯಲ್ಲಿ, ಉಳಿದೆಡೆ ವಿಮುಕ್ತ ಜಾತಿಯೆಂಬ ಇನ್ನೊಂದರಲ್ಲಿ. ಒಂದು ಕಾಲಕ್ಕೆ ಹೇರೆತ್ತಿನೊಡನೆ ಈ ಮೂರು ನಾಡುಗಳನ್ನು ಒಂದೇ ಹಾದಿಯಾಗಿ ನಡೆದವರ ಮಕ್ಕಳು ಈಗ ಮೂರು ಕಚೇರಿಗಳ ಮುಂದೆ ಮೂರು ಬಗೆಯ ಅರ್ಜಿ ಹಿಡಿದು ನಿಲ್ಲುತ್ತಾರೆ. ರೆಂಕೆಯವರ ಆಯೋಗ 2008ರಲ್ಲಿಯೂ ಇದಾತೆಯವರ ಆಯೋಗ 2017ರ ಅಂತ್ಯದ ಹೊತ್ತಿಗೂ ಇವರ ಸ್ಥಿತಿಗತಿಗಳನ್ನು ವಿಚಾರಿಸಿದವು. ಚದುರಿದ ಜನಕ್ಕೆ ಮತದ ಬಲ ಕಡಿಮೆ, ಬಲವಿಲ್ಲದವರ ವರದಿಗೆ ಧೂಳು ಬೇಗ.

ಒಟ್ಟಿನಲ್ಲಿ ಈ ಚರಿತ್ರೆ ಕಲಿಸುವುದೇನು? ಎದುರು ನಿಂತವರು ಸುಳ್ಳಲ್ಲ. ಅವರಿಲ್ಲದಿದ್ದರೆ ಹೊರಗಿನವರು ಎಚ್ಚರಗೊಳ್ಳುತ್ತಿರಲಿಲ್ಲ. ತಲೆಬಾಗಿದವರೂ ಸುಳ್ಳಲ್ಲ, ಅವರಿಲ್ಲದಿದ್ದರೆ ಅರ್ಜಿ ಬರೆಯಬಲ್ಲ ಮುಂದಿನ ತಲೆಮಾರು ಹುಟ್ಟುತ್ತಿರಲಿಲ್ಲ. ಆದರೆ ಬೀಗವನ್ನು ತೆಗೆಸಿದ್ದು ಒಂದೇ ಒಂದು ಮಾತು: ತಪ್ಪಿಗೆ ಕೈ ಇರುತ್ತದೆ, ಕುಲವಿರುವುದಿಲ್ಲ. ಈ ಮಾತನ್ನು ಬಿಟ್ಟುಕೊಟ್ಟು ಪಡೆದ ಸೌಕರ್ಯ ಯಾವುದೂ ಉಳಿಯಲಿಲ್ಲ. ಇದನ್ನು ಹಿಡಿದು ಪಡೆದದ್ದು ಮಾತ್ರ ಉಳಿಯಿತು.

ಇನ್ನುಳಿದ ಕೆಲಸ ಅವರದಲ್ಲ, ನಮ್ಮದು. ಕೊರವಂಜಿ ಬಾಗಿಲಿಗೆ ಬಂದಾಗ ನಮ್ಮ ಹಿರಿಯರು ಎರಡು ಕೆಲಸ ಮಾಡುತ್ತಿದ್ದರು: ಅವಳ ಮುಂದೆ ಕೈ ಚಾಚುತ್ತಿದ್ದರು, ಅವಳು ಹೋದ ಮೇಲೆ ಪಾತ್ರೆಗಳನ್ನು ಎಣಿಸುತ್ತಿದ್ದರು. ಅವಳಿಗೆ ನಮ್ಮ ನಾಳೆ ಗೊತ್ತೆಂದು ನಂಬಿದವರು ನಾವೇ, ಅವಳ ನಾಳೆಯನ್ನು ಪೋಲೀಸರ ಕೈಗೆ ಕೊಟ್ಟವರೂ ನಾವೇ. ಕಾಯಿದೆ ಹೋಗಿದೆ. ಪಾತ್ರೆ ಎಣಿಸುವ ಅಭ್ಯಾಸ ಹೋದ ದಿನ ಅವಳ ಬಿಡುಗಡೆ ಪೂರ್ಣವಾದೀತು.